ಸ್ನಾಯು, ನರ, ಸುಸ್ತು: ನಮ್ಮ ಲ್ಯಾಬಿಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನುಷ್ಯರ ಸ್ನಾಯು ಹೇಗೆ ಕೆಲಸ ಮಾಡುತ್ತದೆ ಅಂತ ಅಳೆಯುವ ಲ್ಯಾಬೊಂದರಲ್ಲಿ ನನ್ನ ಕೆಲಸ. ಟೆಸ್ಟಿಗೆ ಅಂತ ಕಾಲೇಜು ಹುಡುಗರು ಬರುತ್ತಾರೆ, ಮ್ಯಾರಥಾನ್ ಓಡುವವರು ಬರುತ್ತಾರೆ, ಮಂಡಿ ನೋವಿನ ಅಂಕಲ್‌ಗಳೂ ಬರುತ್ತಾರೆ. ಜನ ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಪೆಟ್ಟು, ನೋವು ಇದ್ದವರು ಇದನ್ನು ಓದಿ ಸ್ವಂತ ವೈದ್ಯ ಮಾಡಿಕೊಳ್ಳಬೇಡಿ.

ಈ ವೈರು, ಸ್ಟಿಕ್ಕರ್ ಎಲ್ಲ ಯಾಕೆ? ಕರೆಂಟ್ ಹೊಡೆಯಲ್ವಾ?

ಇಲ್ಲ. ಇದಕ್ಕೆ ಇಎಂಜಿ ಅಂತಾರೆ. ಇದರಲ್ಲಿ ನಿಮ್ಮ ಮೈಯೊಳಗೆ ನಾವು ಏನನ್ನೂ ಕಳಿಸುವುದಿಲ್ಲ, ಒಳಗಿಂದ ಬರುವುದನ್ನು ಹಿಡಿದುಕೊಳ್ಳುತ್ತೇವೆ ಅಷ್ಟೆ.

ಕೈ ಮಡಚಬೇಕು ಅಂತ ಮೆದುಳು ಹೇಳಿದಾಗ ಆ ಸುದ್ದಿ ಬೆನ್ನುಹುರಿಗೆ ಇಳಿಯುತ್ತದೆ. ಅಲ್ಲಿರುವ ನರಕೋಶಗಳು ಅದನ್ನು ಸ್ನಾಯುವಿಗೆ ದಾಟಿಸುತ್ತವೆ. ಒಂದೊಂದು ನರಕೋಶದ ಕೈಕೆಳಗೆ ಒಂದಿಷ್ಟು ಸ್ನಾಯು ಎಳೆಗಳಿರುತ್ತವೆ. ಕಣ್ಣುಗುಡ್ಡೆ ತಿರುಗಿಸುವ ಸ್ನಾಯುವಿನಲ್ಲಿ ಹತ್ತಿಪ್ಪತ್ತೇ ಎಳೆ, ಮೀನಖಂಡದಂಥ ದೊಡ್ಡ ಸ್ನಾಯುವಿನಲ್ಲಿ ಸಾವಿರಕ್ಕೂ ಜಾಸ್ತಿ. ನರಕೋಶ ಮತ್ತು ಅದರ ಎಳೆಗಳು ಸೇರಿದರೆ ಒಂದು ಮೋಟರ್ ಯೂನಿಟ್. ಈ ಲೆಕ್ಕವನ್ನು ನಮಗೆ ಕೊಟ್ಟವರು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್. 1932ರಲ್ಲಿ ಎಡ್ಗರ್ ಏಡ್ರಿಯನ್ ಜೊತೆ ಅವರಿಗೆ ನೊಬೆಲ್ ಬಂತು. ನರಕೋಶ ಒಂದು ಸಲ ಸಿಡಿದರೆ ಅದರ ಎಳೆಗಳೆಲ್ಲ ಒಟ್ಟಿಗೇ ಸಿಡಿಯುತ್ತವೆ, ಆಗ ಹುಟ್ಟುವ ವಿದ್ಯುತ್ತಿನ ಸಣ್ಣದೊಂದು ಪಾಲು ಚರ್ಮದ ತನಕ ಬರುತ್ತದೆ. ಕೆಲವು ಮೈಕ್ರೋವೋಲ್ಟ್, ಜೋರಾಗಿ ಹಿಂಡಿದರೆ ಕೆಲವು ಮಿಲಿವೋಲ್ಟ್. ಸ್ಟಿಕ್ಕರ್ ಹಿಡಿಯುವುದು ಅದನ್ನೇ.

ಬಂದವರಿಗೆ ನಾನು ಯಾವಾಗಲೂ ಸ್ಪೀಕರ್ ಹಾಕಿ ಕೇಳಿಸುತ್ತೇನೆ. ಕೈ ಸಡಿಲ ಬಿಟ್ಟರೆ ಏನೂ ಸದ್ದಿಲ್ಲ. ಒಂದು ಬೆರಳನ್ನು ಎತ್ತಿಯೂ ಎತ್ತದ ಹಾಗೆ ಎತ್ತಿ ಅಂತೀನಿ. ಆಗ ಟಪ್... ಟಪ್... ಟಪ್ ಅಂತ ಬಿಡಿಬಿಡಿಯಾಗಿ ಕೇಳಿಸುತ್ತದೆ. ಅದೃಷ್ಟವಿದ್ದರೆ ಅದು ಒಂದೇ ಒಂದು ಯೂನಿಟ್, ಬೆನ್ನುಹುರಿಯ ಒಂದೇ ನರಕೋಶದ ಮಾತು. ಇನ್ನೂ ಸ್ವಲ್ಪ ಎತ್ತಿದರೆ ಟಪ್‌ಗಳು ಹತ್ತಿರವಾಗುತ್ತವೆ, ಇನ್ನೊಂದು ದನಿ ಸೇರಿಕೊಳ್ಳುತ್ತದೆ, ಆಮೇಲೆ ಮತ್ತೊಂದು. ಮುಷ್ಟಿ ಬಿಗಿ ಹಿಡಿದರೆ ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಒಂದೇ ಸಮ ಚಟಪಟ. ಬಲ ಜಾಸ್ತಿ ಮಾಡಲು ದೇಹದ ಬಳಿ ಇರುವುದು ಇವೆರಡೇ ದಾರಿ: ಇನ್ನಷ್ಟು ಯೂನಿಟ್‌ಗಳನ್ನು ಕರೆಯುವುದು, ಕರೆದವುಗಳನ್ನು ಬೇಗ ಬೇಗ ಸಿಡಿಸುವುದು. ಕರೆಯುವುದಕ್ಕೂ ಒಂದು ಕ್ರಮ ಇದೆ. ಮೊದಲು ಚಿಕ್ಕ ಯೂನಿಟ್, ಆಮೇಲೆ ದೊಡ್ಡದು. ಅಮೆರಿಕದ ಎಲ್ವುಡ್ ಹೆನ್ನೆಮನ್ 1950-60ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಪಿಂಗಾಣಿ ಲೋಟ ಹಿಡಿಯುವ ಕೈಯೇ ಸಿಲಿಂಡರ್ ಎತ್ತುವುದೂ ಹೇಗೆ ಅಂದರೆ ಹೀಗೆ.

ಕೆಲವು ಟೆಸ್ಟುಗಳಲ್ಲಿ ನರಕ್ಕೆ ನಿಜವಾಗಿಯೂ ಕರೆಂಟ್ ಕೊಡುತ್ತೇವೆ. ಅದು ಬೇರೆ. ಅದನ್ನು ಮೊದಲೇ ಹೇಳಿ, ನಿಮ್ಮ ಒಪ್ಪಿಗೆ ತಗೊಂಡೇ ಮಾಡುವುದು.

ಕಾಲಿನ ಕೂದಲು ಯಾಕೆ ಬೋಳಿಸ್ತೀರಿ? ಸೆಕೆಯಲ್ಲಿ ಫ್ಯಾನ್ ಬೇರೆ ಆರಿಸ್ತೀರಿ!

ಎರಡು ರೂಪಾಯಿ ಅಗಲದ ಜಾಗ ಅಷ್ಟೆ, ಬೇಜಾರು ಮಾಡ್ಕೋಬೇಡಿ. ಕೂದಲು, ಎಣ್ಣೆ, ಚರ್ಮದ ಮೇಲಿನ ಒಣ ಪದರ ಇವೆಲ್ಲ ಸಿಗ್ನಲ್ಲಿಗೆ ಅಡ್ಡ. ಅದಕ್ಕೇ ಬೋಳಿಸಿ, ಸ್ಪಿರಿಟ್ ಹಾಕಿ ಒರೆಸುವುದು.

ಫ್ಯಾನಿನದು ಇನ್ನೂ ದೊಡ್ಡ ತಲೆನೋವು. ನಮ್ಮ ಮನೆಗಳಿಗೆ ಬರುವ ಕರೆಂಟ್ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಸ್ನಾಯುವಿನ ಸಿಗ್ನಲ್ ಇರುವುದು ಸುಮಾರು 20ರಿಂದ 500 ಹರ್ಟ್ಜ್ ನಡುವೆ. ಅಂದರೆ ಗೋಡೆಯ ಕರೆಂಟಿನ ಗುಂಯ್ ಸದ್ದು ಬಂದು ಕೂರುವುದು ಸರಿಯಾಗಿ ನಮಗೆ ಬೇಕಾದ ಜಾಗದಲ್ಲೇ. ಫಿಲ್ಟರ್ ಹಾಕಿ ಕತ್ತರಿಸಿದರೆ ಅದರ ಜೊತೆ ನಿಮ್ಮ ಸ್ನಾಯುವಿನ ಒಂದು ಪಾಲೂ ಹೋಗುತ್ತದೆ. ಹಾಗಾಗಿ ರೆಗ್ಯುಲೇಟರ್, ಹಳೇ ಟ್ಯೂಬ್‌ಲೈಟ್, ಫೋನ್ ಚಾರ್ಜರ್ ಎಲ್ಲ ಆಫ್. ನನಗೂ ಸೆಕೆಯೇ.

ಸ್ಕ್ರೀನಿನಲ್ಲಿ ನನ್ನ ಅಲೆ ನನ್ನ ಫ್ರೆಂಡಿನದಕ್ಕಿಂತ ದೊಡ್ಡದು. ನಾನೇ ಸ್ಟ್ರಾಂಗ್ ಅಲ್ವಾ?

ಈ ಪ್ರಶ್ನೆಗೆ ದಿನಾ ಉತ್ತರ ಹೇಳ್ತೀನಿ. ಅಲ್ಲ!

ಇಎಂಜಿ ತೋರಿಸುವುದು ಸ್ನಾಯುವಿಗೆ ಎಷ್ಟು ಜೋರು ಹುಕುಂ ಹೋಗಿದೆ ಅಂತ. ಸ್ನಾಯು ಎಷ್ಟು ಬಲ ಹಾಕಿತು ಅಂತ ಅಲ್ಲ. ಬಲ ಅಳೆಯಲು ಬೇರೆ ಉಪಕರಣ ಇದೆ, ಕಾಲಿಗೆ ಪಟ್ಟಿ ಕಟ್ಟಿ ಎಳೆಸುತ್ತೇವಲ್ಲ, ಅದು. ನಿಮ್ಮ ಫ್ರೆಂಡಿಗೆ ಚರ್ಮದ ಕೆಳಗೆ ಕೊಬ್ಬು ಸ್ವಲ್ಪ ದಪ್ಪ ಇದ್ದರೆ ಅವರ ಅಲೆ ಚಿಕ್ಕದಾಗಿ ಕಾಣುತ್ತದೆ. ಸ್ಟಿಕ್ಕರ್ ಒಂದು ಬೆರಳು ಆಚೆ ಹಾಕಿದ್ದರೂ ಬದಲಾಗುತ್ತದೆ. ಎರಡು ಎಲೆಕ್ಟ್ರೋಡ್ (ಅದೇ ಸ್ಟಿಕ್ಕರ್) ನಡುವೆ 20 ಮಿಲಿಮೀಟರ್ ಇರಲಿ, ಎಳೆಗಳ ಉದ್ದಕ್ಕೇ ಇರಲಿ ಅಂತ ಯುರೋಪಿನವರು ಸೆನಿಯಾಮ್ ಅನ್ನುವ ನಿಯಮಾವಳಿ ಮಾಡಿಟ್ಟಿರುವುದು ಸುಮ್ನೆ ಅಲ್ಲ. ಪಕ್ಕದ ಸ್ನಾಯುವಿನ ಸದ್ದೂ ಇದರಲ್ಲಿ ನುಸುಳಿ ಬರುತ್ತದೆ. ಹಾಗಾಗಿ ನಿಮ್ಮನ್ನು ಮೊದಲು 'ಎಷ್ಟು ಆಗುತ್ತೋ ಅಷ್ಟೂ ಜೋರಾಗಿ' ಅಂತ ಒತ್ತಿಸಿ, ಆಮೇಲಿನದನ್ನೆಲ್ಲ ಅದರ ಶೇಕಡಾ ಲೆಕ್ಕದಲ್ಲಿ ಬರೆದುಕೊಳ್ಳುತ್ತೇವೆ. ಹೋಲಿಸುವುದಾದರೆ ನಿಮ್ಮನ್ನು ನಿಮ್ಮ ಜೊತೆಗೇ.

ಇನ್ನೂ ಮಜಾ ಅಂದರೆ, ಸುಸ್ತಾದಾಗ ಅಲೆ ದೊಡ್ಡದಾಗುತ್ತದೆ. ಒಂದು ಡಂಬೆಲ್ ಹಿಡಿದು ಕೈಯನ್ನು ಹಾಗೇ ಇಟ್ಟುಕೊಳ್ಳಿ. ಭಾರ ಅಷ್ಟೇ ಇದೆ, ಬಲವೂ ಅಷ್ಟೇ. ಆದರೆ ಎಳೆಗಳು ದಣಿದಂತೆ ಮೆದುಳು ಇನ್ನಷ್ಟು ಯೂನಿಟ್‌ಗಳನ್ನು ಕರೆಯಬೇಕಾಗುತ್ತದೆ, ಅಲೆ ಬೆಳೆಯುತ್ತಾ ಹೋಗುತ್ತದೆ. ಅದೇ ಹೊತ್ತಿಗೆ ಅಲೆಗಳ ವೇಗ ತಗ್ಗುತ್ತದೆ, ಯಾಕಂದರೆ ದಣಿದ ಎಳೆಯಲ್ಲಿ ವಿದ್ಯುತ್ತು ನಿಧಾನಕ್ಕೆ ಹರಿಯುತ್ತದೆ. ನಾವು ಸುಸ್ತು ಗುರುತಿಸುವುದು ಬಹುಪಾಲು ಇದರಿಂದಲೇ.

ಈಗ ಗೊತ್ತಾಯ್ತಲ್ವಾ, 'ಈ ವ್ಯಾಯಾಮದಲ್ಲಿ ಆ ಸ್ನಾಯು ಶೇ. 40 ಜಾಸ್ತಿ ಆಕ್ಟಿವೇಟ್ ಆಗುತ್ತೆ, ಹಾಗಾಗಿ ಇದೇ ಬೆಸ್ಟ್' ಅಂತ ರೀಲ್ಸ್ ಮಾಡುವವರನ್ನು ಕಂಡರೆ ನಮಗೆ ಯಾಕೆ ಮೈ ಉರಿಯುತ್ತದೆ ಅಂತ. ಒಂದು ದಿನದ ಇಎಂಜಿ ನೋಡಿ ಮೂರು ತಿಂಗಳ ಬೆಳವಣಿಗೆ ಹೇಳಲು ಆಗುವುದಿಲ್ಲ.

ಜಿಮ್ಮಿಗೆ ಸೇರಿ ಮೂರು ವಾರ ಆಯ್ತು. ಭಾರ ಜಾಸ್ತಿ ಎತ್ತುತ್ತಿದ್ದೇನೆ, ತೋಳು ಮಾತ್ರ ಹಾಗೇ ಇದೆ. ಎಲ್ಲಿ ತಪ್ಪುತ್ತಿದೆ?

ಏನೂ ತಪ್ಪಿಲ್ಲ, ಆಗಬೇಕಾದ್ದೇ ಆಗುತ್ತಿದೆ. ಮೊದಲ ಕೆಲವು ವಾರ ಬರುವ ಶಕ್ತಿಯಲ್ಲಿ ಹೆಚ್ಚಿನದು ನರಗಳ ಕಲಿಕೆ. 1979ರಲ್ಲಿ ಮೊರಿಟಾನಿ ಮತ್ತು ಡಿವ್ರೀಸ್ ಇಎಂಜಿ ಇಟ್ಟುಕೊಂಡೇ ಇದನ್ನು ಬಿಡಿಸಿ ತೋರಿಸಿದರು: ಮೊದಲು ನರದ ಪಾಲು ಜಾಸ್ತಿ, ವಾರಗಳು ಕಳೆದಂತೆ ಸ್ನಾಯು ದಪ್ಪವಾಗುವುದರ ಪಾಲು ಜಾಸ್ತಿ. ಯೂನಿಟ್‌ಗಳು ಬೇಗ ಬೇಗ ಸಿಡಿಯಲು ಕಲಿಯುತ್ತವೆ. ಎದುರಾಳಿ ಸ್ನಾಯು, ಅಂದರೆ ಕೈ ಮಡಚುವಾಗ ಹಿಂದಿನಿಂದ ಎಳೆಯುವುದು, ಸುಮ್ಮನಿರಲು ಕಲಿಯುತ್ತದೆ. ಹೊಸಬರಿಗೆ ಇಎಂಜಿ ಹಾಕಿದರೆ ತೋಳಿನ ಮುಂದಿನದೂ ಹಿಂದಿನದೂ ಒಟ್ಟೊಟ್ಟಿಗೆ ಕೂಗುತ್ತಿರುತ್ತವೆ, ಅರ್ಧ ಶಕ್ತಿ ತಮ್ಮತಮ್ಮಲ್ಲೇ ಜಗಳಕ್ಕೆ ಹೋಗುತ್ತದೆ.

ಇದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಬೇಕಾ? ಒಂದೇ ಕೈಗೆ ವ್ಯಾಯಾಮ ಮಾಡಿಸಿ. ಸುಮ್ಮನಿದ್ದ ಇನ್ನೊಂದು ಕೈಗೂ ಸ್ವಲ್ಪ ಶಕ್ತಿ ಬಂದಿರುತ್ತದೆ! ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸ್ಕ್ರಿಪ್ಚರ್ 1894ರಲ್ಲೇ ಇದನ್ನು ವರದಿ ಮಾಡಿದ್ದರು. ಆಮೇಲೆ ಹತ್ತಾರು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ, ಸುಮಾರು ಶೇ. 10ರ ಆಚೀಚೆ. ಆ ಕೈಯ ಸ್ನಾಯು ದಪ್ಪವಾಗಿರುವುದಿಲ್ಲ, ಬದಲಾದದ್ದು ನರಮಂಡಲ ಮಾತ್ರ. ಒಂದು ಕೈ ಮುರಿದು ಪ್ಲಾಸ್ಟರಿನಲ್ಲಿದ್ದಾಗ ಇನ್ನೊಂದು ಕೈಗೆ ವ್ಯಾಯಾಮ ಮಾಡಿಸಿದರೆ ಕಟ್ಟಿದ ಕೈ ಸೊರಗುವುದು ಕಡಿಮೆಯಾಗುತ್ತದೆ ಅಂತಲೂ ತೋರಿಸಿದ್ದಾರೆ. ನನ್ನ ಕೇಳಿದರೆ ನಮ್ಮ ಇಡೀ ವಿಷಯದಲ್ಲೇ ಅತಿ ಚೆಂದದ ಸಂಗತಿ ಇದು, ಆದರೆ ಇದರ ಬಗ್ಗೆ ಯಾರೂ ರೀಲ್ಸ್ ಮಾಡುವುದಿಲ್ಲ.

ಪೂರ್ತಿ ಜೋರು ಹಾಕಿದಾಗ ಇರುವ ಶಕ್ತಿಯೆಲ್ಲ ಬರುತ್ತಾ? ಶೇ. 10 ಮಾತ್ರ ಬಳಸ್ತೀವಿ ಅಂತಾರಲ್ಲ?

ಶೇ. 10 ಅನ್ನೋದು ಬರೀ ಬುರುಡೆ. 1954ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮರ್ಟನ್ ಒಂದು ಉಪಾಯ ಮಾಡಿದರು. ಹೆಬ್ಬೆರಳಿನ ಸ್ನಾಯುವನ್ನು ಪೂರ್ತಿ ಬಿಗಿ ಹಿಡಿಯಲು ಹೇಳಿ, ಅದೇ ಹೊತ್ತಿಗೆ ನರಕ್ಕೆ ಒಂದು ಸಣ್ಣ ಕರೆಂಟಿನ ಹೊಡೆತ. ಒಳಗೆ ಯಾವುದಾದರೂ ಯೂನಿಟ್ ಸುಮ್ಮನೆ ಕೂತಿದ್ದರೆ ಆ ಹೊಡೆತಕ್ಕೆ ಬಲ ಇನ್ನಷ್ಟು ಜಿಗಿಯಬೇಕು. ಹೆಚ್ಚುಕಡಿಮೆ ಏನೂ ಜಿಗಿಯಲಿಲ್ಲ. ಆಮೇಲೆ ಇನ್ನೂ ಸೂಕ್ಷ್ಮವಾಗಿ ಅಳೆದವರಿಗೆ ಸ್ವಲ್ಪ ಬಾಕಿ ಸಿಕ್ಕಿತು. ಆರೋಗ್ಯವಂತರು ಮನಸ್ಸಿಟ್ಟು ಮಾಡಿದರೆ ಸಾಮಾನ್ಯವಾಗಿ ಶೇ. 90ಕ್ಕಿಂತ ಜಾಸ್ತಿಯೇ ಬರುತ್ತದೆ. ಮನಸ್ಸಿಟ್ಟು ಅನ್ನುವುದೇ ಇಲ್ಲಿ ಮುಖ್ಯ.

1961ರಲ್ಲಿ ಮಿಚಿಯೋ ಇಕಾಯ್ ಮತ್ತು ಆರ್ಥರ್ ಸ್ಟೈನ್‌ಹೌಸ್ ಮಾಡಿದ ಪ್ರಯೋಗ ಕೇಳಿ. ನಿಮಿಷಕ್ಕೊಂದು ಸಲ ಕೈಯಿಂದ ಜೋರಾಗಿ ಎಳೆಯಬೇಕು. ನಡುನಡುವೆ, ಹೇಳದೇ ಕೇಳದೇ, ಬೆನ್ನ ಹಿಂದೆ ಪಿಸ್ತೂಲು ಢಂ! ಗುಂಡಿನ ಸದ್ದಾದ ಮೇಲಿನ ಎಳೆತದಲ್ಲಿ ಬಲ ಶೇ. 7ರಷ್ಟು ಜಾಸ್ತಿ. ತಾವೇ ಕೂಗಿಕೊಂಡು ಎಳೆದಾಗ ಶೇ. 12ರಷ್ಟು ಜಾಸ್ತಿ. ಸ್ನಾಯು ಅದೇ, ಒಳಗಿನ ತಡೆ ಸ್ವಲ್ಪ ಸಡಿಲವಾಯಿತು. ನಾವು ಟೆಸ್ಟ್ ಮಾಡುವಾಗ 'ಹಾಕಿ ಹಾಕಿ ಹಾಕಿ, ಇನ್ನೂ ಇನ್ನೂ!' ಅಂತ ಕಿರುಚುವುದು ಇದಕ್ಕೇ, ನಿಮ್ಮ ಮೇಲೆ ಸಿಟ್ಟಿನಿಂದಲ್ಲ. ಪಿಸ್ತೂಲು ಇಟ್ಟಿಲ್ಲ.

ಸುಸ್ತು ಇರೋದು ಸ್ನಾಯುವಿನಲ್ಲೋ ತಲೆಯಲ್ಲೋ?

ಎರಡೂ ಕಡೆ. ಇದು ಬಹಳ ಹಳೇ ಜಗಳ. ಇಟಲಿಯ ಟ್ಯೂರಿನ್‌ನಲ್ಲಿ ಆಂಜೆಲೊ ಮೊಸ್ಸೊ 19ನೇ ಶತಮಾನದ ಕೊನೆಯಲ್ಲಿ ಒಂದು ಯಂತ್ರ ಮಾಡಿದ್ದರು. ಒಂದು ಬೆರಳಿಗೆ ಭಾರ ಕಟ್ಟಿ ಪದೇ ಪದೇ ಎತ್ತಿಸಿ, ಪ್ರತಿ ಎತ್ತುವಿಕೆ ಕಾಗದದ ಮೇಲೆ ಗೆರೆಯಾಗಿ ಬೀಳುವ ಹಾಗೆ. ಅವರ ಸಹೋದ್ಯೋಗಿಯೊಬ್ಬರು ಮಧ್ಯಾಹ್ನವೆಲ್ಲ ಕೂತು ವಿದ್ಯಾರ್ಥಿಗಳಿಗೆ ಬಾಯಿಪರೀಕ್ಷೆ ಮಾಡಿ ಬಂದ ಮೇಲೆ ಅಳೆದರೆ ಬೆರಳು ಮಾಮೂಲಿಗಿಂತ ಬಹಳ ಬೇಗ ಸೋತಿತು. ಬೆರಳು ಏನೂ ಕೆಲಸ ಮಾಡಿರಲಿಲ್ಲ! ಪೇಪರ್ ತಿದ್ದುವ ಮೇಷ್ಟ್ರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2009ರಲ್ಲಿ ಸಾಮುಯೆಲೆ ಮಾರ್ಕೋರಾ ತಂಡ ಇದನ್ನೇ ಹೊಸ ಕಾಲಕ್ಕೆ ತಂದಿತು: 90 ನಿಮಿಷ ಕಂಪ್ಯೂಟರ್ ಮುಂದೆ ತಲೆಕೆಡಿಸುವ ಕೆಲಸ, ಆಮೇಲೆ ಸೈಕಲ್. ಹೃದಯ, ಉಸಿರು ಎಲ್ಲ ಸರಿಯಾಗೇ ಇದ್ದವು, ಆದರೂ ಜನ ಬೇಗ ಕೈಚೆಲ್ಲಿದರು, ಮೊದಲಿನಿಂದಲೇ ಕಷ್ಟ ಜಾಸ್ತಿ ಅನ್ನಿಸಿತು.

2004ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದದ್ದು ಇದಕ್ಕಿಂತ ವಿಚಿತ್ರ. ಸುಮಾರು ಒಂದು ಗಂಟೆಯ ಸೈಕಲ್ ಟೆಸ್ಟ್. ಸವಾರರು ಕಾರ್ಬೋಹೈಡ್ರೇಟ್ ಬೆರೆಸಿದ ನೀರನ್ನು ಬಾಯಲ್ಲಿ ಮುಕ್ಕಳಿಸಿ ಉಗಿಯಬೇಕು, ನುಂಗುವ ಹಾಗಿಲ್ಲ. ಹೊಟ್ಟೆಗೆ ಏನೂ ಹೋಗಲಿಲ್ಲ, ಆದರೂ ಶೇ. 3ರಷ್ಟು ಚೆನ್ನಾಗಿ ಓಡಿಸಿದರು. ಅದೇ ತಂಡ ಗ್ಲೂಕೋಸನ್ನು ನೇರ ರಕ್ತನಾಳಕ್ಕೆ ಕೊಟ್ಟು ನೋಡಿದಾಗ ಪ್ರಯೋಜನ ಆಗಲಿಲ್ಲ. ಊಟ ಬರ್ತಾ ಇದೆ ಅಂತ ಬಾಯಿ ಹೇಳಿದ ಸುದ್ದಿಗೇ ಮೆದುಳು ಸ್ವಲ್ಪ ಸಡಿಲ ಬಿಟ್ಟಿತು ಅಂತ ಅರ್ಥ ಮಾಡಿಕೊಳ್ಳಬೇಕು.

ಹಾಗಂತ ಎಲ್ಲವೂ ಮನಸ್ಸೇ ಅಂತ ಹೊರಡಬೇಡಿ. ಸ್ನಾಯುವಿನೊಳಗೂ ನಿಜವಾಗಿ ಕೆಡುತ್ತದೆ. ಕ್ಯಾಲ್ಸಿಯಂ ಸರಿಯಾಗಿ ಬಿಡುಗಡೆ ಆಗುವುದಿಲ್ಲ, ಫಾಸ್ಫೇಟ್ ಸೇರಿಕೊಳ್ಳುತ್ತದೆ, ಉದ್ದ ಓಟದಲ್ಲಿ ಗ್ಲೈಕೋಜೆನ್, ಅಂದರೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ, ಖಾಲಿಯಾಗುತ್ತದೆ. ಮ್ಯಾರಥಾನಿನ 32ನೇ ಕಿಲೋಮೀಟರಿನಲ್ಲಿ ಕಾಲು ಕಲ್ಲಾಗುವುದು ಬರೀ ಹಟ ಸಾಲದೆ ಅಲ್ಲ.

ಚಾಮುಂಡಿ ಬೆಟ್ಟ ಹತ್ತಿ ಇಳಿದೆ. ಮಾರನೇ ದಿನ ತೊಡೆ ಮುಟ್ಟಕ್ಕೆ ಆಗ್ತಿಲ್ಲ. ಲ್ಯಾಕ್ಟಿಕ್ ಆಸಿಡ್ ಅಲ್ವಾ?

ಪಾಪ, ಲ್ಯಾಕ್ಟಿಕ್ ಆಸಿಡ್ ಮೇಲೆ ಇಷ್ಟು ವರ್ಷದಿಂದ ಸುಳ್ಳು ಕೇಸು ನಡೀತಿದೆ. ವ್ಯಾಯಾಮ ಮುಗಿದು ಒಂದು ಗಂಟೆಯ ಆಸುಪಾಸಿನಲ್ಲಿ ಅದು ರಕ್ತದಲ್ಲಿ ಮೊದಲಿನ ಮಟ್ಟಕ್ಕೇ ಇಳಿದಿರುತ್ತದೆ. ನಿಮ್ಮ ನೋವು ಜೋರಾಗುವುದು ಒಂದರಿಂದ ಮೂರು ದಿನದ ನಡುವೆ. ಅಷ್ಟೇ ಅಲ್ಲ, ಹೃದಯ ಮತ್ತು ಬೇರೆ ಸ್ನಾಯುಗಳು ಅದನ್ನು ಇಂಧನವಾಗಿ ಉರಿಸಿಕೊಳ್ಳುತ್ತವೆ.

ಬೆಟ್ಟದ ಸಾವಿರ ಮೆಟ್ಟಿಲನ್ನೇ ತಗೊಳ್ಳಿ. ಏದುಸಿರು ಬಂದದ್ದು, ಲ್ಯಾಕ್ಟಿಕ್ ಆಸಿಡ್ ಏರಿದ್ದು ಹತ್ತುವಾಗ. ನೋವು ತಂದದ್ದು ಇಳಿದದ್ದು. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ತೊಡೆಯ ಮುಂಭಾಗದ ಸ್ನಾಯು ಬಿಗಿ ಹಿಡಿದುಕೊಂಡೇ ಉದ್ದವಾಗಬೇಕು, ಇಲ್ಲದಿದ್ದರೆ ಮಂಡಿ ಕುಸಿಯುತ್ತದೆ. ಹೀಗೆ ಎಳೆಸಿಕೊಂಡು ದುಡಿಯುವಾಗ ಎಳೆಗಳೊಳಗೆ ಸಣ್ಣ ಸಣ್ಣ ಹಾನಿ ಆಗುತ್ತದೆ, ಆಮೇಲೆ ರಿಪೇರಿಯ ಗಲಾಟೆ, ಊತ, ನೋವು. ಅಮೆರಿಕದ ಥಿಯೋಡರ್ ಹಫ್ 1902ರಲ್ಲೇ ಒಳಗೆ ಹರಿಯುವಿಕೆ ಇರಬೇಕು ಅಂತ ಊಹಿಸಿದ್ದರು. ಒಳ್ಳೇ ಸುದ್ದಿ ಏನಂದರೆ ಒಂದು ಸಲ ಹೀಗಾದ ಮೇಲೆ ಮುಂದಿನ ಕೆಲವು ವಾರ ಅದೇ ಬೆಟ್ಟ ಇಷ್ಟು ಕಾಟ ಕೊಡುವುದಿಲ್ಲ. ಆದರೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಇದನ್ನು ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ರಾತ್ರಿ ಕಾಲು ಹಿಡ್ಕೊಳ್ಳುತ್ತೆ. ಉಪ್ಪು ಕಡಿಮೆಯಾಗಿದೆಯಾ?

ಕೆಲವೊಮ್ಮೆ ಇರಬಹುದು. ಆದರೆ ಹಿಡಿದುಕೊಂಡ ಕಾಲಿಗೆ ಇಎಂಜಿ ಹಾಕಿ ನೋಡಿದರೆ ನರಕೋಶಗಳು ಹುಚ್ಚೆದ್ದು ಸಿಡಿಯುತ್ತಿರುತ್ತವೆ. ಸ್ನಾಯುವನ್ನು ಎಳೆದು ಹಿಗ್ಗಿಸಿದರೆ ಬಿಡುವುದೂ ಅದಕ್ಕೇ: ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜಿನಿಂದ ಬೆನ್ನುಹುರಿಗೆ ಸಾಕು ನಿಲ್ಲಿಸು ಅಂತ ಸುದ್ದಿ ಹೋಗುತ್ತದೆ. 2010ರಲ್ಲಿ ಅಮೆರಿಕದಲ್ಲಿ ಕೆವಿನ್ ಮಿಲ್ಲರ್ ತಂಡ ಕರೆಂಟ್ ಕೊಟ್ಟು ಬೇಕೆಂದೇ ಸೆಳೆತ ತರಿಸಿ, ಸೌತೆಕಾಯಿ ಉಪ್ಪಿನಕಾಯಿಯ ರಸ ಕುಡಿಸಿತು. ನೀರು ಕುಡಿದಾಗಿನದಕ್ಕಿಂತ ಬೇಗ ಬಿಟ್ಟಿತು, ಅದೂ ರಸ ಹೊಟ್ಟೆಯಿಂದ ರಕ್ತಕ್ಕೆ ಸೇರುವಷ್ಟು ಹೊತ್ತೇ ಆಗಿರಲಿಲ್ಲ. ಗಂಟಲಿಗೆ ತಾಗಿದ ಹುಳಿಯೇ ನರಗಳನ್ನು ಸುಮ್ಮನಾಗಿಸಿರಬೇಕು ಅಂತ ಅವರ ಅಂದಾಜು. ಅದು ವಿನೆಗರ್ ಹಾಕಿದ್ದು, ನಮ್ಮ ಮಿಡಿ ಉಪ್ಪಿನಕಾಯಿ ಅಲ್ಲ. ಪದೇ ಪದೇ ಆಗುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಫಾಸ್ಟ್ ಬೌಲರ್ ಹಾಕಿದ ಬಾಲನ್ನ ಬ್ಯಾಟ್ಸ್‌ಮನ್‌ಗಳು ನೋಡಿ ಹೊಡೀತಾರಾ, ಅಂದಾಜಿನ ಮೇಲೆ ಹೊಡೀತಾರಾ?

ಲೆಕ್ಕ ಹಾಕಿ ನೋಡಿ. ಗಂಟೆಗೆ 140 ಕಿ.ಮೀ. ಅಂದರೆ ಸೆಕೆಂಡಿಗೆ 39 ಮೀಟರ್ ಹತ್ತಿರ. ಕೈಬಿಟ್ಟ ಚೆಂಡು ಬ್ಯಾಟಿಗೆ ಬರಲು ಅರ್ಧ ಸೆಕೆಂಡ್ ಇದ್ದರೆ ಹೆಚ್ಚು. ಕಣ್ಣಿಗೆ ಕಂಡದ್ದಕ್ಕೆ ಕೈ ಅಲ್ಲಾಡಿಸಲು ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು, ಬ್ಯಾಟು ಬೀಸಲು ಇನ್ನಷ್ಟು. 2000ದಲ್ಲಿ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯೋಡ್ ಬ್ಯಾಟ್ಸ್‌ಮನ್‌ಗಳ ತಲೆಗೆ ಕ್ಯಾಮೆರಾ ಕಟ್ಟಿ ಕಣ್ಣು ಎಲ್ಲಿ ಹೋಗುತ್ತದೆ ಅಂತ ನೋಡಿದರು. ಕಣ್ಣು ಚೆಂಡಿನ ಮೇಲೆ ಕೂತೇ ಇರುವುದಿಲ್ಲ. ಕೈಬಿಟ್ಟ ಕೂಡಲೇ ಒಂದು ಚಣ ನೋಡಿ, ಚೆಂಡು ಎಲ್ಲಿ ಪುಟಿಯುತ್ತದೋ ಅಲ್ಲಿಗೆ ಮೊದಲೇ ಹಾರಿ ಕಾಯುತ್ತದೆ. ಒಳ್ಳೇ ಆಟಗಾರನ ಕಣ್ಣು ಅಲ್ಲಿಗೆ ಬೇಗ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಹಾಗಾಗಿ 'ಬಾಲನ್ನ ಕೊನೇತನಕ ನೋಡು' ಅಂತ ಕೋಚ್ ಹೇಳುವುದು ಕೇಳಲು ಚೆನ್ನಾಗಿದೆ, ಮಾಡಲು ಆಗಲ್ಲ.

ಓಟದಲ್ಲೂ ಇದೇ ಗಲಾಟೆ. ಪಿಸ್ತೂಲು ಹೊಡೆದ 0.1 ಸೆಕೆಂಡಿನೊಳಗೆ ಯಾರಾದರೂ ಹೊರಟರೆ ಅದು ಫಾಲ್ಸ್ ಸ್ಟಾರ್ಟ್. 2022ರ ವಿಶ್ವ ಚಾಂಪಿಯನ್‌ಷಿಪ್ಪಿನ 110 ಮೀಟರ್ ಹರ್ಡಲ್ಸ್ ಫೈನಲಿನಲ್ಲಿ ಅಮೆರಿಕದ ಡೆವೊನ್ ಆಲನ್ 0.099ಕ್ಕೆ ಹೊರಟರು ಅಂತ ಹೊರಗೆ ಹಾಕಿದರು. ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕೆ! ಮನುಷ್ಯರೆಲ್ಲರ ನರಕ್ಕೂ ಒಂದೇ ಗೆರೆ ಎಳೆಯುವುದು ಅನ್ಯಾಯ ಅಂತ ನನ್ನ ಅಭಿಪ್ರಾಯ.

ಕಂಬಳದವರು ಬೋಲ್ಟ್‌ಗಿಂತ ಫಾಸ್ಟ್ ಅಂತೆ, ಹೌದಾ?

2020ರ ಫೆಬ್ರವರಿಯಿಂದ ಈ ಪ್ರಶ್ನೆ ನಿಂತಿಲ್ಲ. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಅದನ್ನು 100 ಮೀಟರಿಗೆ ಇಳಿಸಿದರೆ 9.56, ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ 9.58. ಆಮೇಲೆ ಟಿವಿಯವರ ಗಲಾಟೆ, ಟ್ರಯಲ್ಸಿಗೆ ಕರೆದದ್ದು, ಗೌಡರು ತಮ್ಮ ಓಟವೇ ಬೇರೆ ಅಂತ ಬೇಡ ಅಂದದ್ದು ಎಲ್ಲ ನಿಮಗೆ ಗೊತ್ತು. ಗೌಡರು ಹೇಳಿದ್ದೇ ಸರಿ.

ವೇಗದ ಓಟಗಾರನ ಕಾಲು ನೆಲಕ್ಕೆ ತಾಗುವುದು ಸುಮಾರು 0.1 ಸೆಕೆಂಡ್. ಅಷ್ಟರೊಳಗೆ ನೆಲಕ್ಕೆ ಎಷ್ಟು ಬಲ ಒದೆಯುತ್ತಾನೆ ಅನ್ನುವುದೇ ಅವನ ವೇಗದ ಮಿತಿ. ಕಂಬಳದಲ್ಲಿ ಮುಂದಕ್ಕೆ ಎಳೆಯುವ ಬಲದ ದೊಡ್ಡ ಪಾಲು ಕೋಣಗಳದ್ದು. ಓಟಗಾರರನ್ನು ಹಗ್ಗ ಕಟ್ಟಿ ಎಳೆಸಿ ಓಡಿಸುವ ತರಬೇತಿ ಹೊರದೇಶಗಳಲ್ಲೂ ಇದೆ, ಎಳೆಸಿದರೆ ಯಾರೇ ಆದರೂ ತಮ್ಮ ಸ್ವಂತ ವೇಗ ಮೀರುತ್ತಾರೆ. ಹಾಗಂತ ಕಂಬಳ ಸುಲಭ ಅಂತಲ್ಲ. ಬರಿಗಾಲಲ್ಲಿ, ಕಾಲು ಹೂಳುವ ಕೆಸರಲ್ಲಿ, ಕೋಣಗಳ ವೇಗಕ್ಕೆ ಬೀಳದೆ ಹೆಜ್ಜೆ ಕೂಡಿಸುವುದಿದೆಯಲ್ಲ, ಬೋಲ್ಟ್‌ನನ್ನು ತಂದು ನಿಲ್ಲಿಸಿದರೆ ನಾಲ್ಕನೇ ಹೆಜ್ಜೆಗೆ ಮುಖ ಕೆಸರಾಗುತ್ತದೆ. ಆ ಓಟದಲ್ಲಿ ತೊಡೆ, ಸೊಂಟದ ಸ್ನಾಯುಗಳು ಏನು ಮಾಡುತ್ತವೆ ಅಂತ ಅಳೆಯಲು ನನಗೆ ಬಹಳ ಆಸೆ. ಸ್ಟಿಕ್ಕರ್ ನಿಲ್ಲಬೇಕಲ್ಲ!

ಮಸಲ್ ಮೆಮೊರಿ ಅಂತಾರಲ್ಲ, ನೆನಪು ಸ್ನಾಯುವಿನಲ್ಲೇ ಇರುತ್ತಾ?

ಸೈಕಲ್ ತುಳಿಯುವುದು, ಮೃದಂಗ ನುಡಿಸುವುದು, ಇಂಥ ಕೈಚಳಕದ ನೆನಪೆಲ್ಲ ಮೆದುಳಿನದು. ಸ್ನಾಯುವಿಗೆ ಹುಕುಂ ಪಾಲಿಸುವುದಷ್ಟೇ ಗೊತ್ತು.

ಆದರೆ ಅಭ್ಯಾಸದಿಂದ ಆಗುವುದು ಏನು ಅಂತ ಕೇಳಿದರೆ ರಷ್ಯಾದ ನಿಕೊಲಾಯ್ ಬರ್ನ್‌ಸ್ಟೈನ್ ಹೆಸರು ಹೇಳಲೇಬೇಕು. 1920ರ ದಶಕದಲ್ಲಿ ಮಾಸ್ಕೋದಲ್ಲಿ ಅವರು ಸುತ್ತಿಗೆ ಹೊಡೆಯುವ ನುರಿತ ಕೆಲಸಗಾರರ ಭುಜ, ಮೊಣಕೈ, ಮಣಿಕಟ್ಟಿಗೆ ಪುಟ್ಟ ಬಲ್ಬು ಕಟ್ಟಿ ಫೋಟೋ ತೆಗೆದರು. ಸುತ್ತಿಗೆಯ ತುದಿ ಪ್ರತಿ ಸಲ ಬೇಕಾದ ಜಾಗಕ್ಕೇ ಬೀಳುತ್ತಿತ್ತು. ಆದರೆ ಕೀಲುಗಳ ದಾರಿ ಪ್ರತಿ ಸಲ ಬೇರೆ ಬೇರೆ! ಭುಜ ಸ್ವಲ್ಪ ಆಚೆ ಹೋದರೆ ಮಣಿಕಟ್ಟು ಅದನ್ನು ಸರಿದೂಗಿಸುತ್ತಿತ್ತು. ಅಂದರೆ ನುರಿತವರು ಒಂದೇ ಚಲನೆಯನ್ನು ಉರು ಹೊಡೆದು ಒಪ್ಪಿಸುತ್ತಿಲ್ಲ, ಪ್ರತಿ ಸಲ ಹೊಸದಾಗಿ ಲೆಕ್ಕ ಬಿಡಿಸುತ್ತಿದ್ದಾರೆ. ಹೊಸಬರು ಮಾಡುವುದು ಉಲ್ಟಾ: ಕೀಲುಗಳನ್ನೆಲ್ಲ ಬಿಗಿ ಹಿಡಿದುಕೊಳ್ಳುತ್ತಾರೆ. ಮೊದಲ ದಿನ ಸ್ಕೂಟರ್ ಕಲಿಯುವವರ ಭುಜ ಕಿವಿಯ ತನಕ ಏರಿರುತ್ತದಲ್ಲ, ಅದೇ.

ನಾನು ಹುಟ್ಟಿದ್ದೇ ಸ್ಪ್ರಿಂಟರ್ ಆಗೋಕಾ? ಜೀನ್ ಟೆಸ್ಟ್ ಮಾಡಿಸಲಾ?

ದುಡ್ಡು ಉಳಿಸಿ. ವೇಗದ ಎಳೆ, ನಿಧಾನದ ಎಳೆ ಅಂತ ಇರುವುದು ನಿಜ, ಅವುಗಳ ಪಾಲು ಮನುಷ್ಯರಿಂದ ಮನುಷ್ಯರಿಗೆ ಬೇರೆ ಅನ್ನುವುದೂ ನಿಜ. ವೇಗದ ಎಳೆಗಳಿಗೆ ಬೇಕಾದ ಎಸಿಟಿಎನ್3 ಅನ್ನುವ ಜೀನ್ ಕೆಲಸ ಮಾಡದವರು ದೊಡ್ಡ ಸ್ಪ್ರಿಂಟರ್‌ಗಳಲ್ಲಿ ಅಪರೂಪ ಅಂತ 2003ರಲ್ಲಿ ಆಸ್ಟ್ರೇಲಿಯಾದವರು ತೋರಿಸಿದರು. ಆದರೆ ಅದು ಕೆಲಸ ಮಾಡುವವರು ಕೋಟಿಗಟ್ಟಲೆ ಇದ್ದಾರೆ, ಅವರೆಲ್ಲ ಬಸ್ಸಿನ ಹಿಂದೆ ಓಡುತ್ತಿದ್ದಾರೆ. ಮಗುವನ್ನು ಮೈದಾನಕ್ಕೆ ಬಿಡಿ, ಯಾವುದು ಇಷ್ಟವೋ ಅದೇ ಟೆಸ್ಟ್.

ಓಡುವ ಮುಂಚೆ ಸ್ಟ್ರೆಚಿಂಗ್ ಮಾಡಬೇಕಾ?

ಮೈ ಬಿಸಿ ಮಾಡಿಕೊಳ್ಳಿ, ಕೈಕಾಲು ಬೀಸಿ. ಒಂದೇ ಭಂಗಿಯಲ್ಲಿ ಒಂದು ನಿಮಿಷಕ್ಕಿಂತ ಜಾಸ್ತಿ ಎಳೆದು ಹಿಡಿದರೆ ಸ್ವಲ್ಪ ಹೊತ್ತು ಬಲ ಕಡಿಮೆಯಾಗುತ್ತದೆ.

ಪ್ರೋಟೀನ್ ಪೌಡರ್?

ಬೇಳೆ, ಕಾಳು, ಮೊಟ್ಟೆ, ಹಾಲು, ಮಾಂಸದಲ್ಲಿ ಸಾಕಷ್ಟು ಸಿಕ್ಕರೆ ಬೇಡ. ಭಾರ ಎತ್ತುವವರಿಗೆ ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1.6 ಗ್ರಾಂ ತನಕ ಪ್ರಯೋಜನ, ಅದಕ್ಕಿಂತ ಜಾಸ್ತಿ ತಿಂದರೆ ಲಾಭ ಹೆಚ್ಚೇನೂ ಕಂಡಿಲ್ಲ. ಅನ್ನ ಸಾರು ಮಾತ್ರ ಉಂಡರೆ ಅಷ್ಟು ಬರುವುದಿಲ್ಲ ಅನ್ನುವುದನ್ನೂ ಒಪ್ಪಿಕೊಳ್ಳಬೇಕು. ಮೂತ್ರಪಿಂಡದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ.

ನಮ್ಮ ಅಜ್ಜಿಗೆ ಎಂಬತ್ತು. ಈ ವಯಸ್ಸಿನಲ್ಲಿ ಭಾರ ಎತ್ತಿಸೋದಾ? ಹುಚ್ಚಾ?

ಹುಚ್ಚಲ್ಲ, ಅವರಿಗೇ ಇದು ಎಲ್ಲರಿಗಿಂತ ಜಾಸ್ತಿ ಬೇಕಾದದ್ದು. ವಯಸ್ಸಾದಂತೆ ಬೆನ್ನುಹುರಿಯ ನರಕೋಶಗಳು ಒಂದೊಂದಾಗಿ ಹೋಗುತ್ತವೆ. ಅವುಗಳ ಎಳೆಗಳಲ್ಲಿ ಕೆಲವನ್ನು ಪಕ್ಕದ ನರಕೋಶ ಸಾಕಿಕೊಳ್ಳುತ್ತದೆ, ಉಳಿದವು ಸೊರಗುತ್ತವೆ. ಹೆಚ್ಚು ಪೆಟ್ಟು ವೇಗದ ಎಳೆಗಳಿಗೆ. ಹಾಗಾಗಿ ಮೊದಲು ಹೋಗುವುದು ಚುರುಕು: ಎಡವಿದಾಗ ಥಟ್ಟನೆ ಇನ್ನೊಂದು ಕಾಲು ಮುಂದಿಡುವುದು, ಕುರ್ಚಿಯಿಂದ ಕೈ ಊರದೆ ಏಳುವುದು.

1990ರಲ್ಲಿ ಬಾಸ್ಟನ್ನಿನ ಮರಿಯಾ ಫಿಯಾಟರೋನ್ ತಂಡ ವೃದ್ಧಾಶ್ರಮದ ತೀರಾ ಬಡಕಲಾದ ಹತ್ತು ಜನರನ್ನು ಸೇರಿಸಿಕೊಂಡಿತು, ಸರಾಸರಿ ವಯಸ್ಸು 90. ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ, ಅದೂ ಜೋರಾದದ್ದೇ. ಪೂರೈಸಿದ ಒಂಬತ್ತು ಜನರ ಶಕ್ತಿ ಸರಾಸರಿ ಶೇ. 174 ಏರಿತು. ತೊಡೆಯ ಸ್ನಾಯುವಿನ ಗಾತ್ರ ಏರಿದ್ದು ಶೇ. 9. ಈ ಎರಡು ಅಂಕಿಗಳ ನಡುವಿನ ಅಂತರ ನೋಡಿ, ಮೇಲೆ ಜಿಮ್ಮಿನ ಪ್ರಶ್ನೆಯಲ್ಲಿ ಹೇಳಿದ್ದೇ ತೊಂಬತ್ತರಲ್ಲೂ. ಅಜ್ಜಿಗೆ ಡಾಕ್ಟರ್ ಸರಿ ಅಂದರೆ ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದರಿಂದ ಶುರು ಮಾಡಿಸಿ, ಪಕ್ಕದಲ್ಲಿ ಒಬ್ಬರು ಇರಿ. 'ನೀವು ಕೂತ್ಕೊಳಿ ಅಜ್ಜಿ, ನಾವು ತಂದು ಕೊಡ್ತೀವಿ' ಅನ್ನುವ ಪ್ರೀತಿ ಸ್ವಲ್ಪ ಕಡಿಮೆ ಮಾಡಿ.

ಗಗನಯಾನಿಗಳ ಸ್ನಾಯು ಕರಗುತ್ತೆ ಅಂತಾರೆ. ನಮ್ಮವರು ಏನಾದರೂ ಮಾಡ್ತಿದ್ದಾರಾ?

ಮಾಡ್ತಿದ್ದಾರೆ. ಅಲ್ಲಿ ನಿಲ್ಲುವ ಕೆಲಸವೇ ಇಲ್ಲವಲ್ಲ, ಹಾಗಾಗಿ ಬೆನ್ನು, ಮೀನಖಂಡದಂಥ ದಿನವಿಡೀ ದುಡಿಯುವ ಸ್ನಾಯುಗಳೇ ಮೊದಲು ಸೊರಗುವುದು. ಅದಕ್ಕೇ ಬಾಹ್ಯಾಕಾಶ ನಿಲ್ದಾಣದಲ್ಲಿ ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಕಡ್ಡಾಯ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಹೋದಾಗ ಅವರ ಜೊತೆ ಹೋದ ಪ್ರಯೋಗಗಳಲ್ಲಿ ಒಂದು ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯದು. ಭಾರ ಇಲ್ಲದ ಕಡೆ ಸ್ನಾಯುಕೋಶಗಳು ಹೊಸದಾಗಿ ಬೆಳೆಯುವುದು ಹೇಗೆ ಕುಂಠಿತವಾಗುತ್ತದೆ, ಯಾವ ಪೋಷಕಾಂಶ ಕೊಟ್ಟರೆ ಸುಧಾರಿಸುತ್ತದೆ ಅನ್ನುವುದು ವಿಷಯ. ಹಾಸಿಗೆ ಹಿಡಿದ ರೋಗಿಗಳಿಗೂ ಇದು ಬೇಕಾದ ಮಾತೇ.

ನಡುವೆ ಬೇಡ ಅನ್ನಿಸಿದರೆ ಬಿಟ್ಟು ಹೋಗಬಹುದಾ?

ಯಾವಾಗ ಬೇಕಾದರೂ, ಕಾರಣ ಹೇಳಬೇಕಾಗಿಲ್ಲ. ಸಹಿ ಹಾಕಿದ್ದೀರಿ ಅಂತ ಯಾರೂ ಹಿಡಿದಿಡುವ ಹಾಗಿಲ್ಲ. ಮನುಷ್ಯರ ಮೇಲಿನ ಪ್ರತಿ ಅಧ್ಯಯನಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ಪತ್ರ ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಕೇಳಿ.

ಟೆಸ್ಟಿನ ದಿನ ಏನು ತಯಾರಿ ಮಾಡ್ಕೋಬೇಕು?

ಹಿಂದಿನ ದಿನ ಕಾಲಿಗೆ ಜೋರು ವ್ಯಾಯಾಮ ಬೇಡ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಬೆಳಿಗ್ಗೆ ಹಗುರಾಗಿ ತಿಂಡಿ ತಿನ್ನಿ. ಇಡ್ಲಿ ಆಗುತ್ತೆ, ಮಸಾಲೆ ದೋಸೆ ತಿಂದು ಬಂದು ಟ್ರೆಡ್‌ಮಿಲ್ ಮೇಲೆ ಒದ್ದಾಡಿದವರನ್ನು ನೋಡಿದ್ದೇನೆ. ಕಾಫಿ ಟೆಸ್ಟ್ ಮುಗಿದ ಮೇಲೆ, ಯಾಕಂದರೆ ಕೆಫೀನ್ ನಿಜವಾಗಿಯೂ ಫಲಿತಾಂಶ ಬದಲಿಸುತ್ತದೆ. ಕಾಲಿಗೆ ಕೊಬ್ಬರಿ ಎಣ್ಣೆ, ಕ್ರೀಮ್ ಹಚ್ಚಿಕೊಂಡು ಬರಬೇಡಿ, ಸ್ಟಿಕ್ಕರ್ ಜಾರುತ್ತದೆ. ಸಡಿಲವಾದ ಚಡ್ಡಿ ತನ್ನಿ, ಜೀನ್ಸ್ ಮಡಚಿ ತೊಡೆಯ ತನಕ ಏರಿಸಲು ಆಗುವುದಿಲ್ಲ. ಹೆಂಗಸರಿಗೆ ಸ್ಟಿಕ್ಕರ್ ಹಚ್ಚಲು ಹೆಂಗಸರೇ ಇರಲಿ ಅನ್ನಿಸಿದರೆ ಫೋನ್ ಮಾಡುವಾಗಲೇ ಹೇಳಿ, ಆ ದಿನಕ್ಕೇ ಹಾಕಿಕೊಳ್ಳುತ್ತೇವೆ.